ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪ್ರಿಂಗ್ ಇರುವ ಊರುಗೋಲು ಯಾರಿಗೆ ಬೇಕು, ಯಾರಿಗೆ ಬೇಡ

ಊರುಗೋಲಿನ ಬಗ್ಗೆ ಬಂದಿರುವ ಮೂರು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದಿಬ್ಬರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರುವುದು ಒಳ್ಳೆಯದು.

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಶಿಕ್ಷಕ. ಬಲ ಮೊಣಕಾಲಿನ ಕೀಲು ಸವೆದಿದೆ, ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಕೋಲು ಹಿಡಿದು ನಡೆಯಿರಿ ಎಂದು ವೈದ್ಯರು ಹೇಳಿದ್ದಾರೆ. ತಂದೆಯವರು ಬಳಸುತ್ತಿದ್ದ ಬಾಗಿದ ಹಿಡಿಕೆಯ ಕಟ್ಟಿಗೆಯ ಕೋಲನ್ನು ನೋವಿರುವ ಬಲಗಡೆಗೇ ಹಿಡಿದು ದಿನಾ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋಗಿ ಬರುತ್ತೇನೆ. ಮನೆಗೆ ಮರಳುವಷ್ಟರಲ್ಲಿ ಮಣಿಕಟ್ಟು ನೋಯತೊಡಗುತ್ತದೆ, ಅಂಗೈಯ ಬುಡ ಕೆಂಪಾಗಿರುತ್ತದೆ. ಬೆಂಗಳೂರಿನಲ್ಲಿರುವ ಮಗಳು, ಒಳಗೆ ಸ್ಪ್ರಿಂಗ್ ಇರುವ, ‘ಆ್ಯಂಟಿ-ಶಾಕ್’ ಎಂದು ಬರೆದಿರುವ ಕೋಲೊಂದನ್ನು ಮೊಬೈಲಿನಲ್ಲಿ ತೋರಿಸಿ, ತರಿಸಿಕೊಡಲೇ ಎಂದು ಕೇಳುತ್ತಿದ್ದಾಳೆ. ಅದರಿಂದ ಮೊಣಕಾಲಿನ ಸವೆತ ನಿಲ್ಲುತ್ತದೆಯೇ? ಸಾವಿರ ರೂಪಾಯಿಯೊಳಗೆ ದಿನಬಳಕೆಗೆ ಎಂತಹ ಕೋಲನ್ನು ಕೊಳ್ಳಬೇಕು?
— ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ನಿಮಗಿರುವುದು ಎರಡು ನೋವು. ಮೊಣಕಾಲಿನದು ಒಂದು, ಕೋಲು ಹಿಡಿದದ್ದರಿಂದ ಬಂದ ಮಣಿಕಟ್ಟಿನದು ಇನ್ನೊಂದು. ಸ್ಪ್ರಿಂಗ್ ಎರಡನೆಯದಕ್ಕೆ ಮಾತ್ರ ಸಂಬಂಧಪಟ್ಟದ್ದು. ಕೋಲಿನ ಕೊಳವೆಯೊಳಗೆ ಕೂರಿಸಿರುವ ಸ್ಪ್ರಿಂಗ್ ನೀವು ಭಾರ ಹಾಕಿದಾಗ ತುಸು ಕುಗ್ಗಿ, ನೆಲದಿಂದ ಕೈಗೆ ಏರಿ ಬರುವ ಹೊಡೆತವನ್ನು ಒಮ್ಮೆಲೇ ಬಿಡದೆ ಸ್ವಲ್ಪ ಹೊತ್ತಿಗೆ ಹಂಚುತ್ತದೆ. ಎತ್ತರದ ಕಟ್ಟೆಯಿಂದ ಹಾರುವವರು ಮೊಣಕಾಲು ಮಡಿಸಿ ಇಳಿದರೆ ಮೈಗೆ ಪೆಟ್ಟು ಕಡಿಮೆಯಾಗುತ್ತದೆ, ಆದರೆ ಅವರ ತೂಕವೇನೂ ಇಳಿದಿರುವುದಿಲ್ಲವಲ್ಲ, ಹಾಗೆ. ನಿಮ್ಮ ಮೊಣಕಾಲಿನ ಹೊರೆ ಎಷ್ಟು ತಗ್ಗಿತು ಎಂಬುದನ್ನು ನಿರ್ಧರಿಸುವುದು ನೀವು ಕೋಲಿನ ಮೇಲೆ ಹಾಕಿದ ಭಾರ ಮತ್ತು ಅದನ್ನು ಹಿಡಿದ ಕೈ; ಒಳಗೆ ಸ್ಪ್ರಿಂಗ್ ಇದೆಯೋ ಇಲ್ಲವೋ ಎಂಬುದಲ್ಲ. ಸವೆತವನ್ನು ನಿಲ್ಲಿಸುವ ಕೋಲು ಎಲ್ಲಿಯೂ ಸಿಗುವುದಿಲ್ಲ, ಹಾಗೆಂದು ಬರೆದು ಮಾರುವವರನ್ನು ನಂಬಬೇಡಿ.

ಆದ್ದರಿಂದ ಹಣ ಕೊಡುವ ಮೊದಲು ಖರ್ಚಿಲ್ಲದ ಎರಡು ಕೆಲಸಗಳನ್ನು ಮಾಡಿ. ಒಂದು, ಕೋಲನ್ನು ಎಡಗೈಗೆ ಬದಲಿಸಿ. ನೋವಿರುವ ಕಾಲಿನ ಕಡೆಗೇ ಆಸರೆ ಬೇಕೆಂದು ತೋರುವುದು ಸಹಜ, ನಮ್ಮ ಕಡೆ ಬಹಳಷ್ಟು ಜನ ಹಾಗೆಯೇ ಹಿಡಿದಿರುತ್ತಾರೆ, ಆದರೆ ಲೆಕ್ಕ ಬೇರೆಯೇ ಇದೆ. ಬಲಗಾಲನ್ನು ನೆಲಕ್ಕೂರಿ ಎಡಗಾಲನ್ನು ಎತ್ತಿದ ಕ್ಷಣದಲ್ಲಿ ದೇಹದ ಭಾರ ಎಡಕ್ಕೆ ವಾಲಲು ನೋಡುತ್ತದೆ. ಅದನ್ನು ತಡೆಯಲು ಬಲ ಸೊಂಟದ ಹೊರಬದಿಯ ಸ್ನಾಯುಗಳು ಜೋರಾಗಿ ಎಳೆಯಬೇಕಾಗುತ್ತದೆ, ಆ ಎಳೆತವೂ ಸೊಂಟದ ಕೀಲಿನ ಮೇಲೆಯೇ ಬೀಳುತ್ತದೆ. ಎಡಗೈಯಲ್ಲಿರುವ ಕೋಲು ಬಲ ಸೊಂಟದಿಂದ ದೂರದಲ್ಲಿರುವುದರಿಂದ, ಮೀಟುಗೋಲಿನ ನಿಯಮದಂತೆ, ಕೈಯಿಂದ ಸ್ವಲ್ಪವೇ ಒತ್ತಿದರೂ ಆ ಸ್ನಾಯುಗಳ ಶ್ರಮ ಗಣನೀಯವಾಗಿ ಇಳಿಯುತ್ತದೆ. ಮೊಣಕಾಲಿನ ಒಳಬದಿಗೆ ಬೀಳುವ ಹೊರೆಯೂ ಇದರಿಂದ ಕಡಿಮೆಯಾಗುತ್ತದೆ, ಸವೆತ ಸಾಮಾನ್ಯವಾಗಿ ಮೊದಲಾಗುವುದೂ ಆ ಒಳಬದಿಯಲ್ಲಿಯೇ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ವಾಲ್ಟರ್ ಬ್ಲೌಂಟ್ ಅವರು ಕೋಲನ್ನು ಹೀಗೆ ಎದುರುಗೈಯಲ್ಲಿ ಹಿಡಿಯಬೇಕೆಂದು 1956ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ವಾದಿಸಿದ್ದರು. ಬಲಗಾಲು ಮುಂದೆ ಹೋಗುವಾಗ ಎಡಗೈಯೂ ಕೋಲೂ ಅದರ ಜೊತೆಗೇ ಹೋಗಬೇಕು. ಮೊದಲ ಕೆಲವು ದಿನ ಹೆಜ್ಜೆ ತಪ್ಪುತ್ತದೆ. ಅಂಗಳದಲ್ಲಿ ರೂಢಿ ಮಾಡಿಕೊಂಡು ಆಮೇಲೆ ರಸ್ತೆಗೆ ಇಳಿಯಿರಿ.

ಎರಡನೆಯದು ಎತ್ತರ. ತಂದೆಯವರ ಕೋಲು ಅವರ ಎತ್ತರಕ್ಕೆ ಮಾಡಿಸಿದ್ದು, ನಿಮ್ಮದಕ್ಕಲ್ಲ, ಮತ್ತು ನಿಮ್ಮ ಮಣಿಕಟ್ಟಿನ ನೋವಿನ ಬಹುಪಾಲು ಇಲ್ಲಿಯೇ ಇದೆ ಎಂಬುದು ನಮ್ಮ ಅನುಮಾನ. ಹೊರಗೆ ಹಾಕಿಕೊಳ್ಳುವ ಚಪ್ಪಲಿಯನ್ನೋ ಬೂಟನ್ನೋ ಹಾಕಿಕೊಂಡು ನೆಟ್ಟಗೆ ನಿಂತು ಕೈಗಳನ್ನು ಇಳಿಬಿಡಿ; ಮಣಿಕಟ್ಟಿನ ಒಳಬದಿಯಲ್ಲಿ ಗೆರೆ ಇರುತ್ತದೆಯಲ್ಲ, ಹಿಡಿಕೆಯ ಮೇಲ್ತುದಿ ಆ ಗೆರೆಯ ಮಟ್ಟಕ್ಕೆ ಬರಬೇಕು. ಆಗ ಹಿಡಿಕೆಯ ಮೇಲೆ ಕೈಯಿಟ್ಟರೆ ಮೊಣಕೈ 15ರಿಂದ 20 ಡಿಗ್ರಿಯಷ್ಟು ಮಡಿದಿರುತ್ತದೆ. ಕೋಲು ಉದ್ದವಾದರೆ ಭುಜ ಮೇಲೇರಿ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಗಿಡ್ಡವಾದರೆ ಬೆನ್ನು ಬಗ್ಗುತ್ತದೆ. ಕಟ್ಟಿಗೆಯ ಕೋಲಾದರೆ ಅದನ್ನು ತಲೆಕೆಳಗು ಮಾಡಿ, ಹಿಡಿಕೆಯನ್ನು ನೆಲಕ್ಕೂರಿ, ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಗುರುತು ಹಾಕಿ, ತುದಿಗೆ ಹಾಕುವ ರಬ್ಬರ್ ಬುಷ್‌ನ ದಪ್ಪವನ್ನು ಕಳೆದು ಬಡಿಗೇರರಿಂದ ಕತ್ತರಿಸಬಹುದು. ಅಳತೆಯನ್ನು ಬೇರೊಬ್ಬರು ತೆಗೆಯಬೇಕು. ನೀವೇ ಬಗ್ಗಿ ನೋಡಿದರೆ ಬಗ್ಗಿದಷ್ಟೂ ಅಳತೆ ತಪ್ಪುತ್ತದೆ.

ಹಿಡಿಕೆಯ ವಿಷಯವನ್ನು ಕೊಳ್ಳುವವರು ಯಾರೂ ಕೇಳುವುದಿಲ್ಲ, ಅಂಗಡಿಯವರು ತಾವಾಗಿ ಹೇಳುವುದೂ ಇಲ್ಲ. ಕೊಡೆಯ ಹಿಡಿಕೆಯಂತೆ ಬಾಗಿದ ಹಿಡಿಕೆ ತೋಳಿಗೆ ತೂಗುಹಾಕಿಕೊಳ್ಳಲು ಅನುಕೂಲ, ಭಾರ ಹಾಕಿ ನಡೆಯುವವರಿಗೆ ಅಷ್ಟು ಒಳ್ಳೆಯದಲ್ಲ. ಒತ್ತಡವೆಲ್ಲ ಅಂಗೈಯ ಬುಡದ ಸಣ್ಣ ಜಾಗದ ಮೇಲೆ ಬೀಳುತ್ತದೆ. ನೀವು ಬರೆದಿರುವ ಕೆಂಪು ಇದರ ಗುರುತು. ಅಂಗೈ ಅಗಲವಾಗಿ ಕೂರುವ, ಅಡ್ಡಕ್ಕಿರುವ ಚಪ್ಪಟೆ ಹಿಡಿಕೆ ನಿಮಗೆ ಹಿತವಾಗುತ್ತದೆ. ಕೊಳವೆ ಮೇಲ್ಭಾಗದಲ್ಲಿ ಹಂಸದ ಕತ್ತಿನಂತೆ ತಿರುಗಿ, ಹಿಡಿಕೆಯ ನಡುಭಾಗ ಸರಿಯಾಗಿ ಕೋಲಿನ ನೇರಕ್ಕೇ ಬರುವ ಮಾದರಿಯೊಂದಿದೆ, ಅದರಲ್ಲಿ ಭಾರ ನೆಟ್ಟಗೆ ಕೆಳಗಿಳಿಯುತ್ತದೆ. ಹಿಡಿದಾಗ ಬೆರಳುಗಳು ಹಿಡಿಕೆಯನ್ನು ಸುತ್ತಿ ಹೆಬ್ಬೆರಳಿಗೆ ಹತ್ತಿರ ಬರಬೇಕು, ಆದರೆ ಉಗುರುಗಳು ಅಂಗೈಗೆ ಚುಚ್ಚುವಷ್ಟು ಹಿಡಿಕೆ ಸಣ್ಣದಿರಬಾರದು. ಅಂಗೈಯ ಅಚ್ಚಿನಂತೆ ಕೆತ್ತಿದ ಹಿಡಿಕೆಗಳು ಎಡಗೈ ಬೇರೆ, ಬಲಗೈ ಬೇರೆ ಎಂದು ಬರುತ್ತವೆ. ನಿಮಗೆ ಬೇಕಾದದ್ದು ಎಡಗೈಯದು ಎಂಬುದನ್ನು ಮರೆಯಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ, ಅದರಲ್ಲಿಯೂ ರಾತ್ರಿ ಹೊತ್ತು ಹೆಚ್ಚುತ್ತಿದ್ದರೆ, ಅದು ಮಣಿಕಟ್ಟಿನೊಳಗೆ ನರ ಒತ್ತಿಕೊಂಡ ಲಕ್ಷಣವಾಗಿರಬಹುದು. ಕೋಲು ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.

ಇಷ್ಟು ಮಾಡಿ ಎರಡು-ಮೂರು ವಾರ ನಡೆದ ಮೇಲೂ ಮಣಿಕಟ್ಟು ನೋಯುತ್ತಿದ್ದರೆ ಸ್ಪ್ರಿಂಗ್ ಕೋಲಿಗೆ ಹಣ ಹಾಕುವುದರಲ್ಲಿ ಅರ್ಥವಿದೆ. ನೀವು ನಡೆಯುವುದು ಹೆಚ್ಚಾಗಿ ಡಾಂಬರು, ಕಾಂಕ್ರೀಟು, ಇಂಟರ್‌ಲಾಕ್ ಕಲ್ಲುಗಳಂತಹ ಗಟ್ಟಿ ನೆಲದ ಮೇಲೆ. ಸ್ಪ್ರಿಂಗಿನ ಉಪಯೋಗ ಇಂತಹ ನೆಲದಲ್ಲಿಯೇ ತಿಳಿಯುತ್ತದೆ, ಮೈದಾನದ ಮಣ್ಣಿನ ಮೇಲೆ ಅದು ಇದ್ದೂ ಇಲ್ಲದಂತೆ.

ಆದರೆ ಮಗಳು ತೋರಿಸಿದ ಕೋಲಿನ ಚಿತ್ರವನ್ನು ಇನ್ನೊಮ್ಮೆ ನೋಡಿ. ಸಾವಿರದೊಳಗೆ ‘ಆ್ಯಂಟಿ-ಶಾಕ್’ ಎಂದು ಮಾರಾಟವಾಗುವವುಗಳಲ್ಲಿ ಬಹಳಷ್ಟು ಊರುಗೋಲುಗಳೇ ಅಲ್ಲ, ಬೆಟ್ಟ ಹತ್ತುವವರ ಟ್ರೆಕ್ಕಿಂಗ್ ಕೋಲುಗಳು. ಗುರುತಿಸುವುದು ಸುಲಭ: ಹಿಡಿಕೆ ಕೋಲಿನ ನೇರಕ್ಕೇ ನೆಟ್ಟಗಿರುತ್ತದೆ, ಮಣಿಕಟ್ಟಿಗೆ ಅಗಲವಾದ ಪಟ್ಟಿ ಇರುತ್ತದೆ, ತುದಿಯಲ್ಲಿ ಚೂಪಾದ ಲೋಹದ ಮೊನೆ ಇರುತ್ತದೆ. ಚಾರಣಿಗರು ಆ ಪಟ್ಟಿಯ ಮೇಲೆ ಮಣಿಕಟ್ಟನ್ನು ಊರಿ ಮುಂದಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಅಂಗೈಯಿಂದ ಕೆಳಕ್ಕೆ ಭಾರ ಹಾಕಬೇಕಾದ ನಿಮಗೆ ನೆಟ್ಟನೆಯ ಹಿಡಿಕೆಯಲ್ಲಿ ಕೈ ಜಾರುತ್ತಲೇ ಇರುತ್ತದೆ, ಜಾರದಂತೆ ಬಿಗಿಯಾಗಿ ಹಿಡಿದಷ್ಟೂ ಮಣಿಕಟ್ಟು ಇನ್ನಷ್ಟು ದಣಿಯುತ್ತದೆ. ಇವುಗಳಲ್ಲಿ ಅಗ್ಗದವು ಕೊಳವೆಯನ್ನು ತಿರುಗಿಸಿ ಬಿಗಿ ಮಾಡುವ ಬಗೆಯವು. ದಿನಾ ಬಳಸಿದಂತೆ ಆ ಬಿಗಿ ಸಡಿಲವಾಗುತ್ತದೆ, ನೀವು ಭಾರ ಹಾಕಿದ ಹೊತ್ತಿನಲ್ಲಿಯೇ ಕೋಲು ಸರ್ರನೆ ಒಳಗಿಳಿದು ಗಿಡ್ಡವಾಗಬಹುದು. ಲೋಹದ ಮೊನೆಯಂತೂ ನಮ್ಮ ಮನೆಗಳ ನುಣುಪಾದ ಪರಸಿಯ ಮೇಲೆ ನಿಲ್ಲುವುದೇ ಇಲ್ಲ. ದಿನಬಳಕೆಗೆ ಬೇಕಾದದ್ದು, ಕೊಳವೆಯ ತೂತಿನೊಳಗಿಂದ ಗುಂಡಿ ಟಪ್ಪನೆ ಹೊರಬಂದು ಕೂರುವ, ಅದರ ಕೆಳಗೆ ಬಿಗಿ ಮಾಡುವ ಉಂಗುರವೂ ಇರುವ ಅಲ್ಯೂಮಿನಿಯಂ ಕೋಲು. ತೂತುಗಳ ನಡುವೆ ಸಾಮಾನ್ಯವಾಗಿ ಒಂದು ಇಂಚಿನ ಅಂತರವಿರುತ್ತದೆ. ಉಂಗುರವನ್ನು ಬಿಗಿ ಮಾಡದಿದ್ದರೆ ಹೆಜ್ಜೆಗೊಮ್ಮೆ ಕಡಕಡ ಸದ್ದಾಗುತ್ತದೆ, ತೂತುಗಳೂ ಬೇಗ ಸವೆಯುತ್ತವೆ.

ಸ್ಪ್ರಿಂಗ್ ಕೋಲನ್ನು ಕೈಯಲ್ಲಿ ಹಿಡಿದು ನೋಡದೆ ತರಿಸಬೇಡಿ ಎಂಬುದು ನಮ್ಮ ಖಚಿತ ಸಲಹೆ. ಕಾರಣವಿದೆ. ಕೋಲು ಬಳಸುವವರು ಹೆಚ್ಚೆಂದರೆ ತಮ್ಮ ತೂಕದ ಶೇ. 15ರಿಂದ 20ರಷ್ಟನ್ನು ಅದರ ಮೇಲೆ ಹಾಕುತ್ತಾರೆ. 50 ಕಿಲೋ ತೂಗುವವರಿಗೂ 90 ಕಿಲೋ ತೂಗುವವರಿಗೂ ಇದು ಒಂದೇ ಆಗುವುದಿಲ್ಲ, ಆದರೆ ಕೋಲಿನೊಳಗಿನ ಸ್ಪ್ರಿಂಗ್ ಮಾತ್ರ ಒಂದೇ. ಅದು ನಿಮ್ಮ ಭಾರಕ್ಕೆ ಬಿಗಿಯಾಯಿತೋ, ಕುಗ್ಗುವುದೇ ಇಲ್ಲ, ಸಾದಾ ಕೋಲಿಗೆ ಹೆಚ್ಚು ಬೆಲೆ ಕೊಟ್ಟಂತಾಯಿತು. ಮೆದುವಾಯಿತೋ, ಪೂರ್ತಿ ಕುಗ್ಗಿ ಟಕ್ಕೆಂದು ತಳಕ್ಕೆ ಬಡಿಯುತ್ತದೆ, ಆ ಬಡಿತ ನೇರ ಮಣಿಕಟ್ಟಿಗೇ ಬರುತ್ತದೆ. ಧಾರವಾಡದಲ್ಲಿ ಸಿಗದಿದ್ದರೆ ‘ಚಿಗರಿ’ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಿ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿರುವುದರಿಂದ ಮೊಣಕಾಲು ನೋವಿನವರಿಗೆ ಅದಕ್ಕಿಂತ ಸುಖದ ಪ್ರಯಾಣ ನಮ್ಮಲ್ಲಿ ಬೇರೆಯಿಲ್ಲ. ಅಂಗಡಿಯಲ್ಲಿ ಎತ್ತರ ಹೊಂದಿಸಿಕೊಂಡು ನಿಮ್ಮ ಎಂದಿನ ಚಾಲಿನಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೆಯಿರಿ. ಕೋಲು ಮೆತ್ತಗೆ ಕುಗ್ಗಿ ಮೆತ್ತಗೆ ಮೇಲೇಳಬೇಕು, ಪುಟಿಯಬಾರದು. ಆಮೇಲೆ ಹಿಡಿಕೆಯನ್ನು ಹಿಡಿದು ಪಕ್ಕಕ್ಕೆ ಅಲುಗಾಡಿಸಿ ನೋಡಿ; ಸ್ಪ್ರಿಂಗ್ ಕುಗ್ಗುವುದು ಮೇಲೆ-ಕೆಳಗೆ ಮಾತ್ರ ಇರಬೇಕು, ಅಡ್ಡಕ್ಕೆ ಲಟಪಟ ಎಂದರೆ ಅಲ್ಲಿಯೇ ಮರಳಿ ಕೊಟ್ಟುಬಿಡಿ. ಎಷ್ಟು ಕಿಲೋ ತೂಕದವರೆಗೆ ಬಳಸಬಹುದೆಂದು ಕೋಲಿನ ಮೇಲೋ ಚೀಟಿಯ ಮೇಲೋ ಬರೆದಿರಬೇಕು.

ಸ್ಪ್ರಿಂಗಿನ ಒಂದು ಗುಣವನ್ನು ಮಾತ್ರ ಮೊದಲೇ ತಿಳಿದಿರಿ. ಮೆಟ್ಟಿಲು ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲ ಮೇಲಿಟ್ಟು, ಆಮೇಲೆ ನೋವಿನ ಕಾಲು, ಕೊನೆಗೆ ಒಳ್ಳೆಯ ಕಾಲು ಇಳಿಸಬೇಕು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಹಿಂದೆ ನೋವಿನ ಕಾಲು ಮತ್ತು ಕೋಲು. ಇಳಿಯುವಾಗ ಭಾರವೆಲ್ಲ ಕೋಲಿನ ಮೇಲೆ ಬರುವ ಹೊತ್ತಿಗೆ ಸ್ಪ್ರಿಂಗ್ ಕುಗ್ಗುವುದರಿಂದ ನೆಲವೇ ಒಂದಿಷ್ಟು ಕೆಳಗೆ ಸರಿದಂತೆ ಭಾಸವಾಗುತ್ತದೆ, ರೂಢಿಯಿಲ್ಲದವರು ಅಲ್ಲಿ ಬೆದರುತ್ತಾರೆ. ಕುರ್ಚಿಯಿಂದ ಏಳುವಾಗ ಕೋಲಿನ ಮೇಲೆ ಭಾರ ಹಾಕುವವರಿಗೂ ಇದೇ ಅನುಭವ. ಕುರ್ಚಿಯ ಕೈಯನ್ನು ಹಿಡಿದೇ ಏಳಿ.

ಬೆಲೆಯ ಮಾತು. ಎತ್ತರ ಹೊಂದಿಸಬಹುದಾದ ಸಾದಾ ಅಲ್ಯೂಮಿನಿಯಂ ಕೋಲು ಐನೂರರ ಆಸುಪಾಸಿಗೆ ಸಿಗುತ್ತದೆ, ಸ್ಪ್ರಿಂಗ್ ಇರುವುದಕ್ಕೆ ಅದರ ಮೇಲೆ ಕೆಲವು ನೂರು ಹೆಚ್ಚು. ನಿಮ್ಮ ಜಾಗದಲ್ಲಿ ನಾವಿದ್ದರೆ ಮೊದಲು ಅಗಲ ಹಿಡಿಕೆಯ ಸಾದಾ ಕೋಲು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ರಬ್ಬರ್ ಬುಷ್ ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳುತ್ತಿದ್ದೆವು. ಅಗಲವಾದ, ದಪ್ಪನೆಯ, ಮೆದು ರಬ್ಬರಿನ ಬುಷ್ ತಾನೂ ಹೊಡೆತವನ್ನು ನುಂಗುತ್ತದೆ, ಜೊತೆಗೆ ಜಾರದಂತೆ ಹಿಡಿಯುತ್ತದೆ. ಎರಡನೆಯ ಕೆಲಸ ಸ್ಪ್ರಿಂಗಿನಿಂದ ಆಗುವಂಥದಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ದುರ್ಬಲವಾಗಿವೆ. ನಾಲ್ಕು ಕಾಲಿನ ಕೋಲು ಕೊಡಿಸಿದ್ದೇವೆ. ಮನೆಯೊಳಗೆ ಚೆನ್ನಾಗಿಯೇ ನಡೆಯುತ್ತಾರೆ, ಓಣಿಗೆ ಬಂದರೆ ಕೋಲು ಅಲುಗಾಡಿ ಹೆದರುತ್ತಾರೆ. ಅದರ ಬದಲು ಸ್ಪ್ರಿಂಗ್ ಕೋಲು ಕೊಡಿಸಿದರೆ ಹೇಗೆ?
— ಓದುಗರು, ಗದಗ

ಉತ್ತರ: ಬೇಡ. ಲಕ್ವಾದಿಂದ ಚೇತರಿಸಿಕೊಳ್ಳುತ್ತಿರುವವರು, ಕೈಕಾಲು ನಡುಗುವ ಕಾಯಿಲೆಯವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು, ಕಣ್ಣು ಮಂಜಾದವರು, ಇವರೆಲ್ಲ ಕೋಲಿನ ಮೂಲಕವೇ ನೆಲವನ್ನು ತಿಳಿದುಕೊಳ್ಳುತ್ತಾರೆ. ಕೋಲು ಊರಿದ ಕೂಡಲೇ ಅದು ಗಟ್ಟಿಯಾಗಿ ನಿಂತಿತು ಎಂದು ಕೈಗೆ ಗೊತ್ತಾಗಬೇಕು. ನಡುವೆ ಸ್ಪ್ರಿಂಗ್ ಇದ್ದರೆ ಆ ಸುದ್ದಿ ತಡವಾಗಿಯೂ ಮಸುಕಾಗಿಯೂ ಬರುತ್ತದೆ. ಅವರಿಗೆ ಬೇಕಾದದ್ದು ಮೆದುತನವಲ್ಲ, ಭದ್ರತೆ.

ನಾಲ್ಕು ಕಾಲಿನ ಕೋಲು ಓಣಿಯಲ್ಲಿ ಅಲುಗಾಡುವುದಕ್ಕೆ ಕಾರಣ ಸರಳ. ಅದರ ನಾಲ್ಕೂ ಕಾಲು ಒಮ್ಮೆಗೇ ನೆಲಕ್ಕೆ ತಾಗಿದರೆ ಮಾತ್ರ ಅದು ಭದ್ರ. ಪರಸಿಯ ಸಂದು, ಕಿತ್ತುಹೋದ ಗಟಾರದ ಅಂಚು, ಇಳಿಜಾರು, ಇಂತಹ ಕಡೆ ಮೂರು ತಾಗಿ ಒಂದು ಗಾಳಿಯಲ್ಲಿ ಉಳಿಯುತ್ತದೆ, ಭಾರ ಹಾಕಿದಾಗ ಆ ಕಡೆಗೆ ವಾಲುತ್ತದೆ. ಬೇಗ ಬೇಗ ನಡೆಯುವವರು ಹಿಂದಿನ ಎರಡು ಕಾಲುಗಳನ್ನು ಮಾತ್ರ ಊರಿ ಮುಂದೆ ಹೋಗುವುದುಂಟು, ಆಗಲೂ ಹೀಗೆಯೇ. ಅತ್ತೆಯವರು ಅದನ್ನು ಬಲಗೈಯಲ್ಲಿ ಹಿಡಿದಿರುತ್ತಾರೆ. ಹೊರಚಾಚಿದ ಕಾಲುಗಳು ದೇಹದಿಂದ ಆಚೆಗೆ, ನೆಟ್ಟನೆಯ ಬದಿ ಪಾದದ ಕಡೆಗೆ ಇದೆಯೇ ನೋಡಿ. ತಿರುವುಮುರುವಾಗಿದ್ದರೆ ಅವರ ಪಾದವೇ ಕೋಲಿನ ಕಾಲಿಗೆ ಎಡವುತ್ತದೆ. ಇದನ್ನು ಗುಂಡಿ ಒತ್ತಿ ತಿರುಗಿಸಿ ಸರಿಮಾಡಬಹುದು.

ಮನೆಯೊಳಗಿನ ಸಮ ನೆಲಕ್ಕೆ ಈಗಿರುವ ಕೋಲೇ ಇರಲಿ. ಹೊರಗಿನದಕ್ಕೆ ಕಾಲುಗಳ ಹರವು ಕಡಿಮೆಯಿರುವ ಮಾದರಿಯೋ, ಅಗಲವಾದ ಒಂದೇ ಬುಷ್ ಇರುವ ಸ್ಪ್ರಿಂಗಿಲ್ಲದ ಕೋಲೋ ಒಗ್ಗೀತು, ಆದರೆ ಯಾವುದೆಂಬುದನ್ನು ಫಿಸಿಯೋಥೆರಪಿಸ್ಟ್ ಅತ್ತೆಯವರನ್ನು ನಡೆಸಿ ನೋಡಿಯೇ ಹೇಳಬೇಕು. ನಿಮ್ಮಲ್ಲಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಓಣಿಯಲ್ಲಿ ನೀವೊಬ್ಬರು ಅವರ ಎಡಗಡೆಗೆ, ತುಸು ಹಿಂದೆ ನಡೆಯಿರಿ. ಕೋಲು ಹಿಡಿದ ಕೈಯನ್ನು ನೀವು ಹಿಡಿದು ಎಳೆಯಬೇಡಿ.

ಪ್ರಶ್ನೆ: ನನಗೆ 72 ವರ್ಷ. ಸರ್ಕಾರದ ಶಿಬಿರದಲ್ಲಿ ಕೊಟ್ಟ ಅಲ್ಯೂಮಿನಿಯಂ ಕೋಲಿನ ತುದಿಯ ರಬ್ಬರ್ ಸವೆದು ಕೊಳವೆ ಹೊರಬಂದಿದೆ. ಮಗ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದು ಕೊಟ್ಟಿದ್ದಾನೆ. ಸಿಮೆಂಟ್ ರಸ್ತೆಯಲ್ಲಿ ಊರಿದಾಗಲೆಲ್ಲ ಮೊಣಕೈವರೆಗೆ ಝಲ್ಲೆನ್ನುತ್ತದೆ. ಸ್ಪ್ರಿಂಗ್ ಕೋಲು ಸರ್ಕಾರದಿಂದ ಉಚಿತವಾಗಿ ಸಿಗುತ್ತದೆಯೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೋಲಿಗೆ ಸ್ಪ್ರಿಂಗ್ ಬೇಕಿಲ್ಲ, ಬುಷ್ ಬೇಕು. ಝಲ್ಲೆನ್ನುವುದು ಕೊಳವೆಯ ಅಂಚೇ ನೆಲಕ್ಕೆ ಬಡಿಯುತ್ತಿರುವುದರಿಂದ. ಟ್ಯೂಬನ್ನು ಇಂದೇ ಬಿಚ್ಚಿಬಿಡಿ, ಮಳೆಯಲ್ಲಿ ಅದು ಸುತ್ತಿದ ಹಾಗೆಯೇ ಜಾರಿ ಕಳಚುತ್ತದೆ, ತಂತಿ ಪರಸಿಯ ಮೇಲೆ ಕೋಲನ್ನು ಜಾರಿಸುತ್ತದೆ. ಬುಷ್‌ಗಳು ಕೊಳವೆಯ ಹೊರ ಅಳತೆಗೆ ತಕ್ಕಂತೆ 16, 19, 22 ಮಿಲಿಮೀಟರ್ ಹೀಗೆ ಬೇರೆ ಬೇರೆ ಬರುತ್ತವೆ. ಕೋಲನ್ನೇ ಅಂಗಡಿಗೆ ಒಯ್ದು ಹಾಕಿಸಿ ನೋಡಿ. ತಿರುಗಿಸಿ ಒತ್ತಿದರೆ ಮಾತ್ರ ಒಳಹೋಗುವಷ್ಟು ಬಿಗಿಯಿರಬೇಕು, ಸಡಿಲವಾದದ್ದಕ್ಕೆ ಬಟ್ಟೆ ತುರುಕಿ ಕೂರಿಸಬಾರದು. ಬುಷ್ ಒಳಗೆ ತಳದಲ್ಲಿ ಲೋಹದ ಬಿಲ್ಲೆ ಇದ್ದರೆ ಕೊಳವೆ ರಬ್ಬರನ್ನು ಕೊರೆದು ಬೇಗ ಹೊರಬರುವುದಿಲ್ಲ. ಕೆಳಗಿನ ಉಂಗುರದಂತಹ ಗೆರೆಗಳು ಅಳಿಸಿ ನುಣುಪಾದಾಗ, ಅಥವಾ ಒಂದೇ ಬದಿ ಸವೆದು ಓರೆಯಾದಾಗ ಬದಲಿಸಿ. ತೂತು ಬೀಳುವವರೆಗೆ ಕಾಯಬೇಡಿ. ಹೊಲದ ಎರಿ ಮಣ್ಣಿನಲ್ಲಿ ನಡೆದು ಬಂದ ದಿನ ಆ ಗೆರೆಗಳಲ್ಲಿ ಮೆತ್ತಿಕೊಂಡ ಮಣ್ಣನ್ನು ಒಣಗುವ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ಹೊಸ ಬುಷ್ ಕೂಡ ನುಣ್ಣಗಾದದ್ದರಂತೆಯೇ ಜಾರುತ್ತದೆ.

ಉಚಿತ ಕೋಲಿನ ವಿಚಾರ: ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ, ಬಡತನ ರೇಖೆಗಿಂತ ಕೆಳಗಿರುವ ಅಥವಾ ತಿಂಗಳಿಗೆ ರೂ. 15,000ಕ್ಕಿಂತ ಹೆಚ್ಚು ಆದಾಯವಿಲ್ಲದ 60 ವರ್ಷ ದಾಟಿದವರಿಗೆ ಸಾಧನಗಳನ್ನು ಕೊಡುತ್ತಾರೆ; ಸಾಧನಗಳು ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ ಮೂಲಕ ಬರುತ್ತವೆ. ಪಟ್ಟಿಯಲ್ಲಿ ಊರುಗೋಲು, ಮೊಣಕೈ ಊರುಗೋಲು (ಎಲ್ಬೋ ಕ್ರಚ್), ಮೂರು ಕಾಲಿನ ಮತ್ತು ನಾಲ್ಕು ಕಾಲಿನ ಕೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ, ಕನ್ನಡಕ, ಹಲ್ಲಿನ ಸೆಟ್ ಇವೆ. ಸ್ಪ್ರಿಂಗ್ ಕೋಲು ಅದರಲ್ಲಿಲ್ಲ. ಬೇರೆ ಸಾಧನವೇನಾದರೂ ಬೇಕಿದ್ದರೆ ಹಾವೇರಿಯಲ್ಲಿರುವ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅಥವಾ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಶಿಬಿರದಲ್ಲಿ ಕೊಡುವ ಕೋಲುಗಳ ಎತ್ತರವನ್ನು ಯಾರೂ ಹೊಂದಿಸದೆ ಹಾಗೆಯೇ ಮನೆಗೆ ಒಯ್ಯುವವರೇ ಹೆಚ್ಚು. ನಿಮ್ಮ ಈಗಿನ ಕೋಲಿನ ಗುಂಡಿಯೂ ಮೊದಲ ದಿನದ ತೂತಿನಲ್ಲಿಯೇ ಕೂತಿದ್ದರೆ, ಬುಷ್ ಹಾಕಿಸುವ ದಿನವೇ ಚಪ್ಪಲಿ ಹಾಕಿಕೊಂಡು ನಿಂತು ಮಣಿಕಟ್ಟಿನ ಗೆರೆಗೆ ಸರಿಮಾಡಿಸಿಕೊಳ್ಳಿ.